ಕೂಗುವವರ ಮನೆಯ ಹುಡುಗಿ

ನಮ್ಮದು ಕೂಗಿ ಬದುಕಿದ ಮನೆ. ಹಣ್ಣಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ನಮ್ಮ ಮಾವನವರ ಕಾಲದಿಂದ ಬಂದ ಕೆಲಸ. ಮಾವನವರ ನಂತರ ನನ್ನ ಗಂಡ, ಅವರ ನಂತರ ನಾನು. ಹೆಂಗಸು ಕಟ್ಟೆ ಹತ್ತಿ ಕೂಗುವುದಾ ಎಂದು ಮೂಗು ಮುರಿದವರೆಲ್ಲ ಸ್ವಲ್ಪ ದಿನದಲ್ಲೇ ನನ್ನ ಕಟ್ಟೆಯ ಮುಂದೆ ಬಂದು ನಿಂತರು, ಯಾಕೆಂದರೆ ನನ್ನ ದನಿ ಆಚೆ ತುದಿಯ ಗೇಟಿನವರೆಗೂ ಕೇಳುತ್ತಿತ್ತು. ಅವರು ನನಗಿಟ್ಟ ಹೆಸರು ‘ನಗಾರಿ’. ಬೈಗುಳ ಅಂತ ಇಟ್ಟರು, ನಾನು ಬಿರುದು ಅಂತ ತೆಗೆದುಕೊಂಡೆ. ಈಗ ಕಟ್ಟೆಯ ಮೇಲೆ ಮಗ ನಿಲ್ಲುತ್ತಾನೆ. ಯಾವ ಮಾಲು ಯಾರ ಪಾಲಾಯಿತು ಅಂತ ಸೊಸೆ ಪಕ್ಕದಲ್ಲಿ ನಿಂತು ಸಾರುತ್ತಾಳೆ. ನಾನು ಕುರ್ಚಿ ಹಾಕಿಕೊಂಡು ಕೂತು ಇಬ್ಬರ ತಪ್ಪನ್ನೂ ಹಿಡಿಯುತ್ತೇನೆ.

ಹರಾಜಿನಲ್ಲಿ ಎಲ್ಲರೂ ಸುಮ್ಮನಾದರೆ ಬೆಲೆ ಕೂತುಬಿಡುತ್ತದೆ. ಆ ಸುಮ್ಮನಿರುವ ಜಾಗವನ್ನು ಕೂಗುವವನು ತಕ್ಷಣ ತುಂಬಬೇಕು. ಮಾಲನ್ನು ಹೊಗಳಬೇಕು, ಯಾರನ್ನಾದರೂ ಕಿಚಾಯಿಸಬೇಕು, ಏನೂ ತೋಚದಿದ್ದರೆ ಕೆಮ್ಮಬೇಕು. ಈ ಚಾಳಿ ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಟ್ಟು ಬರುವಂಥದ್ದಲ್ಲ. ನಮ್ಮ ಮನೆಯ ಊಟದ ಮೇಜಿನಲ್ಲಿ ಒಬ್ಬರು ತುತ್ತು ನುಂಗುವಷ್ಟರಲ್ಲಿ ಅವರ ಮಾತನ್ನು ಇನ್ನೊಬ್ಬರು ಮುಗಿಸಿರುತ್ತಾರೆ.

ಇಂಥ ಮನೆಯಲ್ಲಿ ಹುಟ್ಟಿದವಳು ನನ್ನ ಮೊಮ್ಮಗಳು. ಹೈಸ್ಕೂಲಿಗೆ ಹೋಗುವ ಹುಡುಗಿಯಾದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ಮನೆಯೊಳಗೆ ಅವಳ ಬಾಯಿಗೆ ಬಿಡುವಿಲ್ಲ. ನನ್ನ ನಡಿಗೆ, ನನ್ನ ಗೊರಕೆ, ನಾನು ಫೋನಿನಲ್ಲಿ ಅರಚುವುದು ಎಲ್ಲವನ್ನೂ ಅಣಕಿಸಿ ತೋರಿಸುತ್ತಾಳೆ. ಆದರೆ ಹೊಸಿಲು ದಾಟಿದಳೋ, ಬಾಯಿಗೆ ಬೀಗ. ಅಂಗಡಿಯಲ್ಲಿ, ಬಸ್ಸಿನಲ್ಲಿ, ತರಗತಿಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ. ನಾಚಿಕೆ ಸ್ವಭಾವ, ದೊಡ್ಡವಳಾದರೆ ಸರಿಹೋಗುತ್ತಾಳೆ ಅಂದುಕೊಂಡೆವು. ಯಾರಾದರೂ ಅವಳನ್ನು ಏನಾದರೂ ಕೇಳಿದರೆ ಉತ್ತರ ಕೊಡಲು ನಾವಿದ್ದೆವಲ್ಲ.

ಒಂದು ದಿನ ಶಾಲೆಯಿಂದ ಬಂದವಳು ಬಾಗಿಲು ಹಾಕಿದ ಕೂಡಲೇ ಚೀರಿದಳು. ಬೆಳಿಗ್ಗೆಯೇ ಶಾಲೆಯ ಮೆಟ್ಟಿಲಲ್ಲಿ ಜಾರಿಬಿದ್ದಿದ್ದಳಂತೆ. ಮಣಿಕಟ್ಟು ಊದಿ ಬದನೆಕಾಯಿಯಾಗಿತ್ತು. ಮೂಳೆ ಮುರಿದ ಆ ಕೈಯನ್ನು ದಿನವಿಡೀ ಡೆಸ್ಕಿನ ಕೆಳಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದವಳಿಗೆ ಹೇಳಿಲ್ಲ, ಟೀಚರಿಗೆ ಹೇಳಿಲ್ಲ. ಮೂಳೆ ಡಾಕ್ಟರು ಪ್ಲಾಸ್ಟರ್ ಸುತ್ತುತ್ತಾ ನನ್ನ ಮಗನಿಗೆ ಹೇಳಿದರು: “ಕೈ ನಾನು ಸರಿಮಾಡ್ತೀನಿ. ಇಷ್ಟು ನೋವಾದ್ರೂ ಯಾರನ್ನೂ ಕರೆಯೋಕಾಗಲಿಲ್ಲವಲ್ಲ, ಅದು ನನ್ನ ಕೈಲಿಲ್ಲ. ಮಕ್ಕಳ ಕೌನ್ಸೆಲರ್ ಹತ್ರ ತೋರಿಸಿ.”

ನಾಳೆ ಎಲ್ಲಾದರೂ ಬೆಂಕಿ ಹತ್ತಿಕೊಂಡರೆ? ದಾರಿಯಲ್ಲಿ ಯಾವನಾದರೂ ಅಡ್ಡಗಟ್ಟಿದರೆ? ನಗಾರಿಯ ಮೊಮ್ಮಗಳಿಗೆ ಒಂದು ಕೂಗು ಹಾಕಲು ಬರುವುದಿಲ್ಲವೇ?

ಕೌನ್ಸೆಲರ್ ಮೇಡಂ ಕೋಣೆ ಇದ್ದದ್ದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿದ ಮರದ ಬೆಂಚು, ಒಳಗೆ ಮೇಜಿಲ್ಲದೆ ಬರೀ ಕುರ್ಚಿಗಳು, ನೆಲದ ಮೇಲೆ ಜಮಖಾನ, ಒಂದು ಬುಟ್ಟಿ ತುಂಬಾ ಬಣ್ಣದ ಮರದ ತುಂಡುಗಳು. ಮೇಡಂ ಅಂದರೆ ಯಾರೋ ಗಂಭೀರವಾದ ಹೆಂಗಸು ಅಂದುಕೊಂಡಿದ್ದೆ. ನೋಡಿದರೆ ಓಟದ ಬೂಟು ಹಾಕಿಕೊಂಡ, ನನ್ನ ಸೊಸೆಗಿಂತ ಚಿಕ್ಕ ವಯಸ್ಸಿನ ಹುಡುಗಿ. ದನಿಯೋ, ಹತ್ತಿರ ಹೋಗಿ ಕಿವಿಗೊಟ್ಟರೆ ಮಾತ್ರ ಕೇಳಿಸೀತು. ಇವಳು ನಮ್ಮ ಮಗುವಿಗೆ ಮಾತು ಕಲಿಸುವವಳೇ ಅಂತ ನನಗೆ ಒಳಗೊಳಗೇ ಸಿಟ್ಟು ಬಂತು.

“ಇವಳ ಗಂಟಲು ಸರಿಯಾಗಿದೆ, ಬುದ್ಧಿ ಚುರುಕಾಗಿದೆ,” ಎಂದಳು ಮೇಡಂ. “ಹಟನೂ ಅಲ್ಲ. ಹೊರಗಿನವರ ಮುಂದೆ ಮಾತಾಡಬೇಕು ಅಂದ ತಕ್ಷಣ ಭಯ ಬಂದು ಗಂಟಲು ಹಿಡಿಯುತ್ತೆ. ಇದಕ್ಕೆ ದಾರಿಗಳಿವೆ. ಮೊದಲು ನಿಮ್ಮೆಲ್ಲರ ಪರಿಚಯ ಆಗಲಿ.” ನಾವು ಹರಾಜು ಕೂಗುವವರು ಅಂತ ಹೇಳಿಕೊಂಡೆವು. ಆಮೇಲೆ ಪುಟ್ಟಿಯ ಕಡೆ ತಿರುಗಿ, “ಬಿಡುವಿದ್ದಾಗ ಏನು ಮಾಡೋಕೆ ಇಷ್ಟ?” ಅಂತ ಕೇಳಿದಳು.

ಪುಟ್ಟಿ ಪ್ಲಾಸ್ಟರಿನ ಅಂಚು ಕೆರೆಯುತ್ತಾ ಕೂತಳು. ಕೋಣೆ ಸುಮ್ಮನಾಯಿತು. ಹರಾಜಿನವರಿಗೆ ಅಷ್ಟು ಸಾಕು.

“ಚಿತ್ರ ಬರೀತಾಳೆ,” ಎಂದ ಮಗ.

“ಈಗೆಲ್ಲಿ ಚಿತ್ರ? ಸೈಕಲ್ಲು, ಬರೀ ಸೈಕಲ್ಲು,” ಎಂದಳು ಸೊಸೆ.

“ಯಾವುದೂ ಅಲ್ಲ, ನಿದ್ದೆ!” ಎಂದೆ ನಾನು.

“ಅಮ್ಮ, ಅವಳೆಲ್ಲಿ ಅಷ್ಟು ಮಲಗ್ತಾಳೆ?”

“ನಿನಗೇನು ಗೊತ್ತು? ಮನೇಲಿ ಇರೋಳು ನಾನು!”

ಪುಟ್ಟಿಯ ಇಷ್ಟವನ್ನು ನಾವು ಮೂವರೂ ಒಬ್ಬರ ಮೇಲೊಬ್ಬರು ಏರಿಸುತ್ತಾ ಹೋದೆವು. ಮೇಡಂ ಕೈಕಟ್ಟಿ ಕಾದಳು. ಎಲ್ಲ ಮುಗಿದ ಮೇಲೆ, “ಹರಾಜು ಆಯ್ತಾ?” ಅಂತ ಮೆಲ್ಲಗೆ ಕೇಳಿದಳು. ಪುಟ್ಟಿಯ ತುಟಿಯ ಕೊನೆಯಲ್ಲಿ ನಗು ಬಂದು ಹೋಯಿತು. ಅದನ್ನು ಮೇಡಂ ನೋಡಿದಳು, ನಾನೂ ನೋಡಿದೆ.

ನಮಗೊಂದು ಮನೆಪಾಠ ಸಿಕ್ಕಿತು. ಪುಟ್ಟಿಗೆ ಕೇಳಿದ ಪ್ರಶ್ನೆಗೆ ಪುಟ್ಟಿಯ ಹೊರತು ಯಾರೂ ಉತ್ತರ ಕೊಡಕೂಡದು. ಎಷ್ಟು ಹೊತ್ತಾದರೂ ಕಾಯಬೇಕು. ಇದೇನು ಮಹಾ ಅಂದುಕೊಂಡೆ. ಮುಂದಿನ ಸಲ ಅದೇ ಕೋಣೆಯಲ್ಲಿ ಮೇಡಂ ಕೇಳಿದ್ದು ತೀರಾ ಸುಲಭದ್ದು: ಕಿಟಕಿ ತೆಗೆಯಲೋ, ಹಾಗೇ ಇರಲೋ? ಪುಟ್ಟಿ ಕಿಟಕಿ ನೋಡಿದಳು. ನಾವೆಲ್ಲ ಕಾದೆವು. ಮಗನ ಮುಖ ಕೆಂಪಾಯಿತು, ಸೊಸೆ ಬಳೆ ತಿರುಗಿಸತೊಡಗಿದಳು. ಪುಟ್ಟಿಯ ಗಂಟಲು ಅಲುಗಿತು. ಬಾಯಿ ಒಂಚೂರು ತೆರೆಯಿತು. ಮಾತು ಹಲ್ಲಿನ ಹಿಂದೆಯೇ ಬಂದು ನಿಂತಿದೆ ಅಂತ ನನಗೆ ಗೊತ್ತಾಯಿತು. ಇನ್ನೊಂದೇ ಒಂದು ನೂಕು ಸಾಕು ಅನಿಸಿತು. ನನ್ನ ಬಾಯಿಂದ ತಾನಾಗಿಯೇ ಹೊರಬಿತ್ತು:

“ಒಂದು ಸಲ... ಎರಡು ಸಲ...”

ಪುಟ್ಟಿಯ ಬಾಯಿ ಮುಚ್ಚಿಕೊಂಡಿತು. ಅಂಗಿಯ ಟೋಪಿಯನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಆ ದಿನ ಮತ್ತೆ ಈ ಕಡೆ ನೋಡಲಿಲ್ಲ.

ಮಗ ನನ್ನನ್ನು ತಿಂದುಹಾಕುವ ಹಾಗೆ ನೋಡಿದ. “ಏನಮ್ಮಾ ಇದು? ಇವಳೇನು ಸೇಬಿನ ಪೆಟ್ಟಿಗೆನಾ?” ನನಗೆ ಎಲ್ಲಾದರೂ ಹೋಗಿ ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಮೇಡಂ ಮಾತ್ರ ಬೈಯಲಿಲ್ಲ. ಮಗು ಅಮ್ಮನ ಜೊತೆ ಕೆಳಗಿಳಿದ ಮೇಲೆ ನನ್ನ ಪಕ್ಕ ಬಂದು ಕೂತು, “ಅಮ್ಮಾ, ನಿಮ್ಮ ಹರಾಜಿನಲ್ಲಿ ಕೊಳ್ಳೋರೆಲ್ಲ ಕೂಗಿಯೇ ಕೊಳ್ತಾರಾ?” ಅಂತ ಕೇಳಿದಳು.

“ಎಲ್ಲಿ ಬಂತು? ದೊಡ್ಡ ಕುಳಗಳು ಬಾಯೇ ಬಿಡಲ್ಲ. ಒಬ್ಬ ಹುಬ್ಬು ಹಾರಿಸ್ತಾನೆ, ಇನ್ನೊಬ್ಬ ಕಿವಿ ಮುಟ್ಕೋತಾನೆ. ಕಟ್ಟೆ ಮೇಲಿರೋರು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿರಬೇಕು.”

“ಅವರು ಹುಬ್ಬು ಹಾರಿಸೋವರೆಗೂ ಕಾಯ್ತೀರಾ?”

“ಕಾಯದೆ? ಅವಸರ ಮಾಡಿದ್ರೆ ಎದ್ದು ಹೋಗ್ತಾರೆ.”

ಹೇಳಿದ ಮೇಲೆ ನನಗೇ ಹೊಳೆಯಿತು. ಹೊರಗಿನವರ ಹುಬ್ಬಿಗೆ ಕಾದ ಈ ಕಣ್ಣು ಮನೆಯ ಮಗುವಿನ ಹುಬ್ಬನ್ನು ಒಂದು ದಿನವೂ ನೋಡಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಮೇಡಂ ನೀರು ಕೊಟ್ಟಳು. “ಸನ್ನೆಯಿಂದ ಶುರುಮಾಡೋಣ. ಆದ್ರೆ ಸನ್ನೆಗೇ ನಿಲ್ಲಿಸೋದು ಬೇಡ. ಮಾತು ಅವಳದು, ಅವಳಿಗೆ ಸಿಗಬೇಕು,” ಎಂದಳು.

ಅದರ ಮುಂದಿನ ಸಲ ಮೇಡಂ ಜಮಖಾನದ ಮೇಲೆ ಮರದ ತುಂಡುಗಳನ್ನು ಸುರಿದಳು. ಎರಡು ತುಂಡು ಎದುರುಬದುರು ಇಟ್ಟು, “ಇದು ನೀನು, ಇದು ನಾನು. ನಾವಿಬ್ಬರೇ ಕೂತು ಆಟ, ಚಿತ್ರ, ಮಾತು, ಯಾವುದು ಬರುತ್ತೋ ಅದು. ಚಿಕ್ಕ ಚಿಕ್ಕ ಹೆಜ್ಜೆ,” ಎಂದಳು. ಆಮೇಲೆ ಹಲವು ತುಂಡುಗಳನ್ನು ದುಂಡಗೆ ಜೋಡಿಸಿದಳು. “ಇದು ನಿನ್ನ ವಯಸ್ಸಿನವರ ಗುಂಪು. ಇಂಥದ್ದೇ ಭಯ ಇರೋರು.” ಇನ್ನೊಂದು ಕಡೆ ನಮ್ಮ ಕುಟುಂಬವನ್ನೇ ಕೂರಿಸಿದಳು. ಅದರಲ್ಲಿ ದಪ್ಪನೆಯ ಕೆಂಪು ತುಂಡು ನಾನು. “ಇದು ಎಲ್ಲರೂ ಸೇರಿ ಕೂರೋದು. ಮಾತ್ರೆ ಕೊಡೋ ಡಾಕ್ಟರೂ ಇದ್ದಾರೆ, ಈಗಲೇ ಅದರ ಅಗತ್ಯ ಕಾಣಲ್ಲ. ನಿನಗೆ ಹೇಗೆ ಬೇಕೋ ಹಾಗೆ ಜೋಡಿಸು. ಇದು ನಿನ್ನ ವಿಷಯ, ನೀನೇ ಹೇಳಬೇಕು.”

ನಾನು ಕರವಸ್ತ್ರವನ್ನು ಉಂಡೆ ಮಾಡಿ ಹಲ್ಲಿನಲ್ಲಿ ಕಚ್ಚಿಕೊಂಡೆ. ತಮಾಷೆಯಲ್ಲ, ನಿಜವಾಗಿಯೂ ಕಚ್ಚಿಕೊಂಡೆ. ಕೆಳಗಿನ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವ ಯಂತ್ರದ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು.

ಪುಟ್ಟಿ ಚೆನ್ನಾಗಿದ್ದ ಕೈ ಚಾಚಿದಳು. ತನ್ನದನ್ನೂ ಮೇಡಂದನ್ನೂ ನಡುವೆ ಇಟ್ಟಳು. ಅಪ್ಪ ಅಮ್ಮನನ್ನು ಸ್ವಲ್ಪ ದೂರದಲ್ಲಿಟ್ಟಳು. ಗುಂಪಿನ ತುಂಡುಗಳನ್ನು ಮುಟ್ಟಿ ನೋಡಿ, ಅವುಗಳನ್ನು ಆಮೇಲೆ ಅನ್ನುವ ಹಾಗೆ ಜಮಖಾನದ ಅಂಚಿಗೆ ಸರಿಸಿದಳು. ಕೊನೆಗೆ ದಪ್ಪನೆಯ ಕೆಂಪು ತುಂಡನ್ನು ಎತ್ತಿಕೊಂಡಳು. ಎದ್ದಳು. ಬಾಗಿಲು ತೆಗೆದಳು. ಅದನ್ನು ಕಾರಿಡಾರಿನ ಬೆಂಚಿನ ಮೇಲೆ ಇಟ್ಟು, ಒಳಗೆ ಬಂದು, ನನ್ನ ಮುಖವನ್ನೇ ನೇರವಾಗಿ ನೋಡಿದಳು.

ಮಗ ತಬ್ಬಿಬ್ಬಾದ. ಸೊಸೆ, “ಅತ್ತೆ, ಬೇಜಾರು ಮಾಡ್ಕೋಬೇಡಿ,” ಎಂದಳು. ಬೇಜಾರಾ? ಮಾರುಕಟ್ಟೆಯ ಅಧ್ಯಕ್ಷರಿಂದ ಹಿಡಿದು ಲಾರಿಯವರವರೆಗೆ ನನ್ನನ್ನು ‘ಆಚೆ ನಡಿ’ ಎನ್ನುವ ಗಂಡೆದೆ ಯಾರಿಗೂ ಇರಲಿಲ್ಲ. ಹದಿಹರೆಯದ ಈ ಹುಡುಗಿ ಮಾತೇ ಆಡದೆ ಅಂದುಬಿಟ್ಟಳು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ನಾನು ಎದ್ದು ಆ ಕೆಂಪು ತುಂಡಿನ ಪಕ್ಕ ಹೋಗಿ ಮಹಾರಾಣಿಯ ಹಾಗೆ ಕೂತೆ.

ಅಲ್ಲಿಂದ ವಾರವಾರವೂ ಅವಳನ್ನು ಕರೆತರುವುದು ನನ್ನ ಕೆಲಸವಾಯಿತು, ಕೂರುವುದು ಬೆಂಚಿನಲ್ಲಿ. ಮೊದಮೊದಲು ಒಳಗಿನಿಂದ ಮೇಡಂ ದನಿಯೇ ಆಗಾಗ ಕೇಳುತ್ತಿತ್ತು. ಮರಳಿ ಹೋಗುವಾಗ ಬೇಕರಿಯಲ್ಲಿ ನಿಲ್ಲುವುದೂ ಮನೆಪಾಠದ ಭಾಗ. ಅಂಗಡಿಯವನು “ಏನು ಬೇಕಮ್ಮ?” ಅಂದರೆ ಅವಳು ಬೆರಳು ತೋರಿಸುತ್ತಿದ್ದಳು. ಹಿಂದಿನವರು ಗೊಣಗಿದರೆ ನಾನು ಒಂದು ಸಲ ತಿರುಗಿ ನೋಡುತ್ತಿದ್ದೆ, ಅಷ್ಟಕ್ಕೇ ಸಾಲು ಸೈನಿಕರ ಸಾಲಾಗುತ್ತಿತ್ತು. ಕೆಲವು ದಿನ ಬೆರಳೂ ಏಳುತ್ತಿರಲಿಲ್ಲ, ಬರಿಗೈಯಲ್ಲಿ ಹೋಗುತ್ತಿದ್ದೆವು. ಪ್ಲಾಸ್ಟರ್ ಬಿಚ್ಚಿ ಎಷ್ಟೋ ದಿನವಾದ ಮೇಲೆ, ಒಂದು ಸಂಜೆ ಬೆರಳಿನ ಜೊತೆಗೇ “ಅದು” ಅಂದಳು. ಸೊಳ್ಳೆಯ ದನಿ. ಅಂಗಡಿಯವನಿಗೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು. ಆ ಬನ್ನಿನಂಥ ಬನ್ನು ನಾನು ಈ ಜನ್ಮದಲ್ಲಿ ತಿಂದಿಲ್ಲ.

ಕಳೆದ ವಾರ ಬೆಂಚಿನಲ್ಲಿ ನನ್ನ ಪಕ್ಕ ಹೊಸಬಳೊಬ್ಬಳು ಕೂತಿದ್ದಳು. ಮಡಿಲಲ್ಲಿ ನಿದ್ದೆ ಹೋದ ಕೂಸು. ಅವಳ ಕಣ್ಣು ಅತ್ತು ಅತ್ತು ಊದಿತ್ತು.

“ಇಲ್ಲಿಗೆ ಬಂದ್ರೆ ಸರಿಹೋಗುತ್ತಾ ಅಮ್ಮಾ? ನಮ್ಮೋರೆಲ್ಲ ಸುಮ್ಮನೆ ಯಾಕೆ ಅಲೀತೀಯಾ ಅಂತಾರೆ.”

“ಅನ್ನೋರ ಬಾಯಿಗೆ ಮಣ್ಣು ಹಾಕು,” ಎಂದೆ. “ನನ್ನ ಮೊಮ್ಮಗಳನ್ನ ನೋಡು. ಕೈ ಮುರಿದ್ರೂ ಕೂಗದೆ ಇದ್ದ ಮಗು. ಮೊನ್ನೆ ತರಗತೀಲಿ ಹಾಜರಿ ಕೂಗಿದಾಗ ‘ಇದ್ದೀನಿ’ ಅಂದ್ಳಂತೆ! ಟೀಚರ್ ಫೋನ್ ಮಾಡಿ ಹೇಳಿದ್ರು! ಮುಂದಿನ ತಿಂಗಳು ಗುಂಪಿಗೂ ಸೇರ್ತಾಳೆ, ಅವಳೇ ಬೇಕು ಅಂದಿದ್ದು! ನಿಧಾನ ಆಗುತ್ತೆ ಕಣಮ್ಮ, ಎಷ್ಟೋ ದಿನ ಏನೂ ಆಗಲ್ಲ, ಆದ್ರೆ...”

ಹೆಮ್ಮೆಯ ಮಾತು ಶುರುವಾದರೆ ನನ್ನ ದನಿಗೆ ಕಡಿವಾಣವಿಲ್ಲ. ಕನ್ನಡಕದ ಅಂಗಡಿಯವನು ಏನೋ ಜಗಳ ಅಂತ ಮೆಟ್ಟಿಲು ಹತ್ತಿ ಬಂದು ಇಣುಕಿದ. ಎದುರಿನ ಕೋಣೆಯ ಬಾಗಿಲು ತೆರೆಯಿತು. ಆಗ, ಮುಚ್ಚಿದ್ದ ನಮ್ಮ ಬಾಗಿಲಿನ ಹಿಂದಿನಿಂದ, ಇಡೀ ಕಾರಿಡಾರು ಬೆಚ್ಚಿಬೀಳುವ ಹಾಗೆ ಒಂದು ಕೂಗು ಬಂತು:

“ಅಜ್ಜೀ! ಸ್ವಲ್ಪ ಮೆಲ್ಲಗೆ! ಇಲ್ಲಿ ನಾನು ಮಾತಾಡ್ತಾ ಇದ್ದೀನಿ!”

ಕೂಸು ಎಚ್ಚರವಾಯಿತು. ಕನ್ನಡಕದವನು ಬಾಯಿ ತೆರೆದುಕೊಂಡು ನಿಂತ. ಪಕ್ಕದವಳು ನನ್ನ ತೋಳು ಹಿಡಿದು, “ಯಾರಮ್ಮಾ ಅದು?” ಎಂದಳು.

ಮಾರುಕಟ್ಟೆಯ ಆಚೆ ಗೇಟಿಗೆ ಕೇಳುವ ಹಾಗೆ ಹೇಳಬೇಕು ಅನಿಸಿತು. ಆದರೆ ಒಳಗೆ ಮಗು ಮಾತಾಡುತ್ತಿತ್ತಲ್ಲ. ಪಕ್ಕದವಳ ಕಿವಿಯ ಹತ್ತಿರ ಬಾಗಿ, ಪಿಸುದನಿಯಲ್ಲಿ ಹೇಳಿದೆ:

“ನನ್ನ ಮೊಮ್ಮಗಳು.”