ಮಗುವಿನ ಮುಲಾಮು

ಮೊಮ್ಮಗಳ ಮೊಣಕೈ ಮಡಿಕೆಯ ಇಸುಬಿಗೆಂದು ತಂದ ಮುಲಾಮು ತಿಂಗಳು ಬರಬೇಕಾದದ್ದು ವಾರದಲ್ಲೇ ಬರಿದಾಗಿತ್ತು. ಮಗ ಹೆಂಡತಿಯ ಮೇಲೆ ಹರಿಹಾಯ್ದ. "ಮುಲಾಮು ಹಚ್ತೀಯೋ, ಗೋಡೆಗೆ ಸುಣ್ಣ ಬಳೀತೀಯೋ?" ಸೊಸೆ ಖಾಲಿ ಟ್ಯೂಬನ್ನು ತುದಿಯಿಂದ ಮತ್ತೊಮ್ಮೆ ಹಿಂಡಿ ನೋಡಿದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದರ್ಜಿ, ಅವಳ ಮಾವ, ಎಲ್ಲ ಕೇಳಿಸಿಕೊಂಡೂ ಕಿವುಡನ ಹಾಗೆ ಪೆಡಲು ತುಳಿಯುತ್ತಲೇ ಇದ್ದ.

ಮುಲಾಮು ಕದ್ದವನು ಅವನೇ.

ದಿನವಿಡೀ ಕೂತು ಬೆವರಿ, ಲಾಡಿ ಕಟ್ಟುವ ಜಾಗದಲ್ಲಿ ತುರಿಕೆ ಹತ್ತಿತ್ತು. ಊರಿನ ಅರ್ಧ ಜನರ ಸೊಂಟಕ್ಕೆ ಟೇಪು ಸುತ್ತಿದವನಿಗೆ ತನ್ನ ಸೊಂಟವನ್ನು ಡಾಕ್ಟರಿಗೆ, ಅದೂ ಹೆಣ್ಣುಮಗಳಿಗೆ, ತೋರಿಸಬೇಕೆಂದರೆ ಜೀವ ಹಿಡಿಯಾಗುತ್ತಿತ್ತು. ಒಂದು ದಿನ ಸೊಸೆ ಬಚ್ಚಲಲ್ಲಿದ್ದಾಗ ಟ್ಯೂಬು ಹಿಂಡಿ ಬಳಿದುಕೊಂಡ. ಎರಡು ದಿನಕ್ಕೆ ಕೆಂಪು ಇಳಿದು ತುರಿಕೆ ಮಾಯ. ದೇವರು ಕಣ್ಣು ಬಿಟ್ಟನೆಂದು ಕೈಮುಗಿದ. ಕದ್ದದ್ದರ ಮಾತನ್ನು ದೇವರ ಮುಂದೆಯೂ ಎತ್ತಲಿಲ್ಲ. ನಿಲ್ಲಿಸಿದರೆ ಮತ್ತೆ ಉರಿ, ಮತ್ತೆ ಟ್ಯೂಬು; ಅದು ಬರಿದಾಗಿ ಹೊಸದು ತಂದರೆ ಅದೂ. ಮೇಲೆ ತಣ್ಣಗೆ ಕಾಣುತ್ತಿದ್ದ ಮಚ್ಚೆ ಸದ್ದಿಲ್ಲದೆ ಬೆನ್ನಿನತ್ತ ಹಬ್ಬುತ್ತಿತ್ತು.

ಆಮೇಲೆ, ಅವನು ಸದಾ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದ ಆ ಕೂಸಿನ ತೊಡೆಯಲ್ಲಿ ಬಳೆಯಂಥ ಕೆಂಪು ಎದ್ದಿತು. ಮಗ ಕೆಲಸಕ್ಕೆ ಹೋಗಿದ್ದ. ಸೊಸೆಯ ಜೊತೆ ಆಸ್ಪತ್ರೆಗೆ ಅವನೇ ಹೊರಡಬೇಕಾಯಿತು.

ಡಾಕ್ಟರಮ್ಮ ತೊಡೆ ನೋಡಿ, ಇದು ಇಸುಬಲ್ಲ, ಹುಳುಕಡ್ಡಿ, ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ ಎಂದಳು. ಮುಲಾಮು ವಾರದಲ್ಲೇ ಮುಗಿಯುತ್ತಿದೆ ಎಂದು ಸೊಸೆ ಹೇಳಿದ್ದಕ್ಕೆ ಹುಬ್ಬೇರಿಸಿ, ಅವಳಿಗೆ ಬಿಡಿಸಿ ಹೇಳಿದಳು.

"ಚರ್ಮ ಕೆಂಪಾಗಿ ಊದೋದು ಅಂದ್ರೆ ಮೈಯೊಳಗಿನ ಕಾವಲುಗಾರರು ಓಡಿಬಂದು ಗದ್ದಲ ಮಾಡೋದಮ್ಮ. ಇಸುಬಲ್ಲಿ ಕಳ್ಳನಿಲ್ಲದೆ ಗದ್ದಲ. ಈ ಸ್ಟೀರಾಯ್ಡ್ ಮುಲಾಮು ಒಳಗಿಳಿದು, ಅವರನ್ನ ಕೂಗಿ ಕರೆಯೋದನ್ನೇ ತಡೆಯುತ್ತೆ, ಹಿಗ್ಗಿದ ರಕ್ತನಾಳ ಕುಗ್ಗಿಸುತ್ತೆ. ಊತ ಇಳಿಯುತ್ತೆ. ಆದ್ರೆ ಹುಳುಕಡ್ಡಿಲಿ ಬೂಷ್ಟು ಅನ್ನೋ ಕಳ್ಳ ನಿಜವಾಗ್ಲೂ ಒಳಗೇ ಇರ್ತಾನೆ. ಕಾವಲು ಮಲಗಿಸಿದ್ರೆ ಅವನದೇ ರಾಜ್ಯ."

ದರ್ಜಿಯ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಯಿತು.

ಅದನ್ನ ನೀನೇ ಸಿಕ್ಕಸಿಕ್ಕಲ್ಲಿ ಬಳಿದಿರಬೇಕು ಎಂದು ಡಾಕ್ಟರಮ್ಮ ಗದರಿದಳು. ಸೊಸೆ ತಲೆ ತಗ್ಗಿಸಿ, "ಇರಬಹುದು" ಎಂದುಬಿಟ್ಟಳು. ಬೈಸಿಕೊಂಡು ಬೈಸಿಕೊಂಡು ತನ್ನ ಕೈಯ ಮೇಲೇ ಅವಳಿಗೆ ಅನುಮಾನ ಬಂದಿತ್ತು.

ಆ ಒಂದು ಮಾತು ಅವನ ಕರುಳಿಗೆ ಸೂಜಿ ಚುಚ್ಚಿತು.

"ಅವಳದೇನೂ ತಪ್ಪಿಲ್ಲ ಡಾಕ್ಟರೇ. ಹಚ್ಕೊಂಡವನು ನಾನು. ಇಲ್ಲಿ..." ಎಂದವನಿಗೆ ಜಾಗದ ಹೆಸರು ಬಾಯಿಗೆ ಬರಲಿಲ್ಲ. ಸೊಸೆ ಮಗುವನ್ನೆತ್ತಿಕೊಂಡು, ಅವನ ಮುಖ ನೋಡದೆ ಹೊರಗೆ ಹೋದಳು.

ಅವನಿಗೂ ಕೂಸಿಗೂ ಬೇರೆ ಮುಲಾಮು ಬರೆದಾಯಿತು. ವಾಸಿಯಾಗುವವರೆಗೆ ಮಗುವನ್ನು ಎತ್ತಿಕೊಳ್ಳಬೇಡಿ, ಟವೆಲ್ಲು ಬೇರೆ ಇಟ್ಟುಕೊಳ್ಳಿ ಎಂದಾಯಿತು. ಹೊರಗೆ ಬಂದಾಗ ಕೂಸು ಎಂದಿನಂತೆ ಅವನತ್ತ ಕೈಚಾಚಿತು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

ಬೀದಿಗಿಳಿದ ಮೇಲೆ ಸೊಸೆ ಕೇಳಿದಳು: "ಮಾವ, ಇದನ್ನ ಅವರಿಗೂ ನೀವೇ ಹೇಳ್ತೀರಾ?"

ಡಾಕ್ಟರ ಕೋಣೆಯಲ್ಲೇ ಎಲ್ಲ ಮುಗಿಯಿತೆಂದು ಅವನು ಅಂದುಕೊಂಡಿದ್ದ. ಮನೆ ಮುಟ್ಟುವವರೆಗೂ ಅವನು ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಡೆದ.

ಸಂಜೆ ಮಗ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಯಂತ್ರ ನಿಂತಿತು.

"ಬಾ, ಕೂತ್ಕೋ" ಎಂದ ದರ್ಜಿ. "ನಿನ್ನ ಹೆಂಡತೀನೂ ಕರಿ. ಅವಳೆದುರಿಗೇ ಹೇಳಬೇಕು."