ಮೂರ್ತಿಗಳು ಸ್ಕ್ಯಾನರಿನ ದನಿ ತಗ್ಗಿಸಿದ್ದು

ಫೋರ್ಟಿನ ಆ ಔಷಧಿ ಕಂಪನಿಯ ಗೋಡೌನಿನಲ್ಲಿ ಮ್ಯಾನೇಜರ್ ಕೇಶವಮೂರ್ತಿಗಳ ದುಂಡು ಮೊಹರು ಬೀಳದೆ ಒಂದು ಟಾನಿಕ್ ಬಾಟಲಿಯೂ ಹೊಸ್ತಿಲು ದಾಟುತ್ತಿರಲಿಲ್ಲ. ಮೊಹರು ಒತ್ತಿ, ಅದರ ಮೇಲೆ ಅಡ್ಡಲಾಗಿ ಸಹಿ ಎಳೆದರೆ ಮಾತ್ರ ಅವರ ಲೆಕ್ಕದಲ್ಲಿ ಕೆಲಸ ಮುಗಿದಂತೆ. ಮೈಸೂರಿನಿಂದ ಬಂದವರಿಗೆ ಇಲ್ಲಿಯೇ ತಲೆ ನೆರೆತಿತ್ತು, ಈ ತಿಂಗಳ ಕೊನೆಗೆ ನಿವೃತ್ತಿ. ಎಕ್ಸ್‌ಟೆನ್ಶನ್ ಸಿಕ್ಕರೆ ಸಾಕು ಎಂದು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದರು. ಮಾಟುಂಗಾದ ಮನೆಯಲ್ಲಿ ಹೆಂಡತಿ ರಮಾಮಣಿಯವರದೇ ಆಡಳಿತ. ಅಲ್ಲಿ ಇವರ ಸಹಿಗೆ ಕವಡೆ ಕಿಮ್ಮತ್ತಿಲ್ಲ. ಆಫೀಸು ಬಿಟ್ಟರೆ ತಾನು ಯಾರೂ ಅಲ್ಲ ಎಂಬ ಭಯ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಆಗಲೇ ಬಾರ್‌ಕೋಡ್ ಸ್ಕ್ಯಾನರ್ ಬಂತು. ಡೈರೆಕ್ಟರ್ ಗುಜರಾತಿ ಸೇಠ್, "ಪೆಹಲೇ ಯೇ ಚಲಾಕೆ ದಿಖಾಯಿಯೇ ಮೂರ್ತಿಜೀ, ಎಕ್ಸ್‌ಟೆನ್ಶನ್ ಕೀ ಬಾತ್ ಬಾದ್ ಮೇ" ಎಂದು, ಮೊದಲು ಯಂತ್ರ ನಡೆಸಿ ತೋರಿಸಿ, ಮಿಕ್ಕ ಮಾತು ಆಮೇಲೆ ಎಂಬ ಷರತ್ತು ಹಾಕಿದರು.

ಸ್ಕ್ಯಾನರ್ ಮಾರಿದ ಕಂಪನಿಯಿಂದ ಶಾಮಲಾ ಎಂಬ ಹುಡುಗಿ ಬಂದು ಅದನ್ನು ಕಂಪ್ಯೂಟರಿಗೆ ಜೋಡಿಸಿದಳು. ಜೊತೆಗೆ ಗೆರೆಗೆರೆಯ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟಳು.

"ಅಂಕಲ್, ಸೆಟ್ಟಿಂಗ್ ಬದಲ್ ಮಾಡ್ಲಿಕ್ಕೆ ಪೆಹಲೇ ಈ 'ಸ್ಟಾರ್ಟ್' ಗೆರೆ ತೋರ್ಸಿ. ಆಮೇಲೆ ನಿಮಗೆ ಬೇಕಾದ್ದು. ಲಾಸ್ಟಿಗೆ 'ಎಂಡ್'. ಎಂಡ್ ಓದೋ ತನಕ ಅದು ಬೇರೆ ಮಾಲ್ ಏನೂ ಓದಲ್ಲ, ಹಾಂ?"

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಅದರ 'ಪೀಂ' ಸದ್ದು ಮೂರ್ತಿಗಳಿಗೆ ಹಿಡಿಸಲಿಲ್ಲ. ಹಮಾಲಿ ಒತ್ತಿದರೂ ಪೀಂ, ತಾನು ಒತ್ತಿದರೂ ಪೀಂ! ದೊಡ್ಡವರೆದುರು ಯಂತ್ರವಾದರೂ ದನಿ ತಗ್ಗಿಸಬೇಡವೇ? ಸೇಠ್ ನೋಡಲು ಬರುವ ದಿನ ಬೆಳಿಗ್ಗೆ ಹಾಳೆ ಹರವಿ 'ಸ್ಟಾರ್ಟ್' ತೋರಿಸಿದರು, 'ಸದ್ದು ಬೇಡ' ತೋರಿಸಿದರು. ಸದ್ದು ನಿಂತಿತು. ಮೂರ್ತಿಗಳಿಗೆ ಪರಮ ಸಂತೋಷವಾಯಿತು. ಕೆಲಸವಾಯಿತಲ್ಲ, ಇನ್ನು ಬೇರೆ ಯಾರೂ ಇದರಲ್ಲಿ ಕೈಯಾಡಿಸಬಾರದೆಂದು, ಅಭ್ಯಾಸಬಲದಿಂದ ಹಾಳೆಯ ಒಂದೊಂದು ಗೆರೆಚಿತ್ರದ ಮೇಲೂ ಮೊಹರು ಒತ್ತಿ ದಪ್ಪ ಪೆನ್ನಿನಲ್ಲಿ ಸಹಿ ಎಳೆದರು. 'ಎಂಡ್' ಮೇಲೂ ಎಳೆದರು. ಆಮೇಲೆ ಅದನ್ನು ಸ್ಕ್ಯಾನರಿಗೆ ತೋರಿಸಿದರು.

ಸ್ಕ್ಯಾನರ್ ಓದಲಿಲ್ಲ. ಮೇಲಿಂದ ತೋರಿಸಿದರು, ಓರೆಯಾಗಿ ತೋರಿಸಿದರು, ಪಂಚೆಯಂಚಿನಲ್ಲಿ ಕನ್ನಡಕ ಒರೆಸಿಕೊಂಡು ತೋರಿಸಿದರು. ಅವರ ಸಹಿಯನ್ನು ದಾಟಿ ಹೋಗುವ ಧೈರ್ಯ ಆ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ, ಯಂತ್ರಕ್ಕೂ ಬರಲಿಲ್ಲ.

"ಸರ, ಮಷಿನ್ ಯಾವ ಡಬ್ಬಿನೂ ಓದವಲ್ದು," ಎಂದ ಸ್ಟೋರ್‌ಕೀಪರ್ ಶಿವಪುತ್ರಪ್ಪ, ವಿಜಾಪುರದ ಕಡೆಯವನು. "ಶಾಮಲಾಬಾಯಿಗೆ ಫೋನ್ ಹಚ್ಚಿದ್ರ ಎಂಗೇಜ್ ಬರಾಕತ್ತೈತ್ರಿ. ಸೇಠ್ ಬಂದೇ ಬಿಟ್ರು!"

ಆದರೆ ಗೋಡೌನಿನ ಅಷ್ಟೂ ಮಾಲಿನ ನಂಬರು ಮೂರ್ತಿಗಳಿಗೆ ಬಾಯಿಪಾಠ. "ನೋಡ್ರೀ, ನೀವು ಆ ರಟ್ಟಿನ ಪೆಟ್ಟಿಗೆ ಹಿಂದೆ ಕೀಬೋರ್ಡ್ ಇಟ್ಕೊಂಡು ಕೂತ್ಕೊಳ್ಳಿ. ನಾನು ಮೆಲ್ಲಗೆ ಹೇಳ್ತೀನಿ, ನೀವು ಒತ್ತಿ."

ಸೇಠ್ ಬಂದು ಕಂಪ್ಯೂಟರಿನ ಪರದೆಯ ಮುಂದೆ ನಿಂತರು. ಮೂರ್ತಿಗಳು ಕೆಮ್ಮಿನ ಔಷಧಿಯ ಡಬ್ಬಿಯ ಮೇಲೆ ಕೆಂಪು ಬೆಳಕು ಬಿಟ್ಟು, ಸಂಧ್ಯಾವಂದನೆಯ ದನಿಯಲ್ಲಿ ಗುನುಗಿದರು: "ಏಳು, ಸೊನ್ನೆ, ಎಂಟು, ಒಂಬತ್ತು..." ಪರದೆಯ ಮೇಲೆ ನಂಬರು ಮೂಡಿತು. ಸೇಠ್‌ಗೆ ಕನ್ನಡದ ಗಂಧವೂ ಇಲ್ಲ. ಯಂತ್ರ ಮುಟ್ಟುವ ಮೊದಲು ಮೈಸೂರಿನ ಬ್ರಾಹ್ಮಣ ಮಂತ್ರ ಹೇಳಿಕೊಳ್ಳುತ್ತಿದ್ದಾನೆಂದು ಭಾವಿಸಿ, ಭಕ್ತಿಯಿಂದ ಅವರೂ ಕೈ ಜೋಡಿಸಿದರು.

ಒಂದಾದ ಮೇಲೊಂದು ಡಬ್ಬಿ. ಒಂದೂ ತಪ್ಪಲಿಲ್ಲ. ಸದ್ದೂ ಇಲ್ಲ.

"ವಾಹ್! ಕಿತನೀ ಶಾಂತ್ ಮಷಿನ್ ಹೈ!" ಸೇಠ್ ಮೂರ್ತಿಗಳ ಬೆನ್ನು ತಟ್ಟಿದರು. "ಜಬ್ ಮಷಿನ್ ಸಬ್ ಖುದ್ ಕರ್ ಲೇತೀ ಹೈ, ತೋ ಆಪ್‌ಕೋ ಇಸ್ ಉಮ್ರ್ ಮೇ ತಕ್ಲೀಫ್ ಕ್ಯೋಂ ದೇಂ? ತಿಂಗಳ ಕೊನೆಗೆ ಆರಾಮ್ ಕೀಜಿಯೇ. ಶಿವಪುತ್ರಪ್ಪ ಸಂಭಾಲ್ ಲೇಗಾ."

ಯಂತ್ರವೇ ಎಲ್ಲ ಮಾಡುವಾಗ ಈ ವಯಸ್ಸಿನಲ್ಲಿ ಮೂರ್ತಿಗಳಿಗೇಕೆ ತೊಂದರೆ, ಇನ್ನು ಶಿವಪುತ್ರಪ್ಪ ನೋಡಿಕೊಳ್ಳುತ್ತಾನೆ ಎಂದರ್ಥ. 'ತಿಂಗಳ ಕೊನೆಗೆ' ಎಂಬಷ್ಟನ್ನು ಸೇಠ್ ಪ್ರೀತಿಯಿಂದ ಕನ್ನಡದಲ್ಲೇ ಹೇಳಿದ್ದರು. ಆ ಎರಡು ಮಾತು ಯಾರಿಂದಲೋ ಕೇಳಿಕೊಂಡು ಕಲಿತು ಬಂದಿದ್ದರು.

ರಟ್ಟಿನ ಪೆಟ್ಟಿಗೆಯ ಹಿಂದಿನಿಂದ ಶಿವಪುತ್ರಪ್ಪ ಪಿಸುಗುಟ್ಟಿದ: "ಖರೆ ಹೇಳಿಬಿಡ್ರಿ ಸರ! ಓದಿದ್ದು ಮಷಿನ್ ಅಲ್ಲ, ನೀವು ಅಂತ ಹೇಳ್ರಿ!"

ಹೇಳಿದರೆ ಮೋಸಗಾರ, ಹೇಳದಿದ್ದರೆ ನಿರುದ್ಯೋಗಿ. ಮೂರ್ತಿಗಳಿಗೆ ಅಳು ಬಂದಂತಾಯಿತು. ಬಾಯಿ ತೆರೆದರು.

ಅಷ್ಟರಲ್ಲಿ ಸೇಠ್ ಇನ್ನೊಂದು ಡಬ್ಬಿ ಮುಂದೆ ಹಿಡಿದು, "ಬಸ್, ಏಕ್ ಔರ್" ಎಂದರು.

ಮೂರ್ತಿಗಳು ಕೆಂಪು ಬೆಳಕು ಬಿಟ್ಟರು. "ಒಂಬತ್ತು," ಎಂದರು, "ನಾಲ್ಕು, ಸೊನ್ನೆ, ಸೊನ್ನೆ..."