ಜೀಪಿನ ಎಡಗಡೆ ಕೂತವನು

ನಮ್ಮ ಹಿಂದಲ ತೋಟಕ್ಕೆ ಇರುವುದು ಒಂದೇ ದಾರಿ, ಅದೂ ನಮ್ಮದಲ್ಲ. ಸಿದ್ದಗಂಗಮ್ಮಜ್ಜಿಯ ಬದುವಿನ ಮೇಲೆ ಹಾಯ್ದು ಹೋಗಬೇಕು. ಬದುವಿನ ಬಾಯಲ್ಲಿ ಎರಡು ಕಲ್ಲುಕಂಬಗಳಿವೆ. ನಮ್ಮ ತಾತನೂ ಅಜ್ಜಿಯ ಮಾವನೂ ಎತ್ತಿನ ಗಾಡಿ ನಿಲ್ಲಿಸಿ, ಅಳತೆ ನೋಡಿ ನೆಟ್ಟವು. ಕಲ್ಲು ನಿಂತಿರುವ ತನಕ ದಾರಿ ನಮಗುಂಟು. ನಮ್ಮ ಗಾಡಿ ತಾಗಿ ಕಲ್ಲು ಬಿದ್ದರೆ ಅವತ್ತಿಗೆ ದಾರಿ ಮುಗಿಯಿತು. ಬರೀ ಬಾಯಿಮಾತು ಇದು. ಆದರೆ ಊರಲ್ಲಿ ಗೊತ್ತಿಲ್ಲದವರಿಲ್ಲ.

ಎತ್ತು ಹೋಗಿ ಜೀಪು ಬಂತು. ಹಳೇ ಜೀಪು, ಹಿಂದೆ ತೆಂಗಿನಕಾಯಿ ತುಂಬುವಂತೆ ಕಟ್ಟಿಸಿಕೊಂಡಿದ್ದೇನೆ. ಆ ಕಲ್ಲುಗಳ ನಡುವೆ ಎರಡೂ ಕಡೆ ನಾಲ್ಕು ಬೆರಳು ಬಿಟ್ಟು ಹೋಗುತ್ತಿತ್ತು. ಬಲಗಡೆ ನಾನು ನೋಡಿಕೊಳ್ಳುತ್ತಿದ್ದೆ, ಎಡಗಡೆ ರಂಗರಾಜು. ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವನು. ಕತ್ತು ಹೊರಗೆ ಹಾಕಿ "ಬರ್ಲಿ, ಬರ್ಲಿ" ಅನ್ನುತ್ತಿದ್ದ. ಅವನು ಬರ್ಲಿ ಅಂದರೆ ನಾನು ಬ್ರೇಕಿನಿಂದ ಕಾಲು ತೆಗೆಯುತ್ತಿದ್ದೆ.

ಹೋದ ಬೇಸಿಗೆಯಲ್ಲಿ ತೋಟಕ್ಕೆ ಕೆರೆಗೋಡು, ಅದೇ ಕೆರೆಯ ಹೂಳುಮಣ್ಣು, ಹೊಡೆಸಿದೆ. ಮಳೆ ಬಿದ್ದದ್ದೇ ತಡ, ಗೋಡು ಕೆಸರಾಗಿ ಜೀಪು ಹೂತುಕೊಳ್ಳತೊಡಗಿತು.

"ಲೇ ಉಗ್ರ, ಚಕ್ರ ಸಣ್ಣದಾಯ್ತು ಕಣ್ಲಾ. ಅಗಲದ್ದು ಹಾಕ್ಸು, ಬಾತುಕೋಳಿ ಹಂಗೆ ತೇಲ್ಕಂಡೋಯ್ತದೆ" ಎಂದ ರಂಗರಾಜು.

"ಕಲ್ಲಿನ ಸಂದೀಲಿ ಹಿಡೀತದೇನ್ಲಾ?"

"ಗಾಡಿ ಅಷ್ಟೇ ಇರ್ತದಲ್ಲ, ಅದೆಲ್ಲಿ ದಪ್ಪ ಆಯ್ತದೆ? ಉಗ್ರಪ್ಪ ಅಂತ ಹೆಸರಿಟ್ಕಂಡು ಚಕ್ರಕ್ಕೆ ಹೆದರ್ತೀಯಲ್ಲ! ತಿಪಟೂರಲ್ಲಿ ನಂಗೆ ಗೊತ್ತಿರೋ ಭುವನ್ ಅಂತ ಅವನೆ, ಬಾ."

ಹೋದೆವು. ಭುವನನ ಅಂಗಡಿಯಲ್ಲಿ ಅಗಲದ ಟೈರು, ಅದು ಕೂರುವ ಕಬ್ಬಿಣದ ಡಿಸ್ಕು ಹಾಕಿಸಿದೆವು. ನಟ್ಟು ಸರಿಯಾಗಿ ಕೂತವು. ಆದರೆ ಚಕ್ರ ಮಡ್‌ಗಾರ್ಡು ದಾಟಿ ಹೊರಗೆ ಚಾಚಿಕೊಂಡಿತ್ತು. ಇದೇನು ಎಂದು ಕೇಳಿದರೆ "ಶೋಕಿ ಕಣ್ಲಾ" ಎಂದು ನಕ್ಕ ರಂಗರಾಜು. ಹಳೇ ಚಕ್ರಗಳು ಅಂಗಡಿಯಲ್ಲೇ ಇರಲಿ, ಆಮೇಲೆ ತಂದರಾಯಿತು ಅಂದವನೂ ಅವನೇ.

ಮಾರನೇ ದಿನ ಕಲ್ಲುಗಳ ಹತ್ತಿರ ಜೀಪು ನಿಧಾನ ಮಾಡಿದೆ.

"ಎಡಗಡೆ ಹೆಂಗೈತ್ಲಾ?"

"ಬರ್ಲಿ, ಬರ್ಲಿ. ಬೇಕಾದಷ್ಟು ಜಾಗ ಐತೆ."

ಕಾಲು ತೆಗೆದೆ. ಎಡಗಡೆಯ ಕಲ್ಲು ಬುಡಸಮೇತ ಎದ್ದು ಅಜ್ಜಿಯ ಸಸಿಗಳ ಮೇಲೆ ಬಿತ್ತು.

ಅಜ್ಜಿ ಬಂದರು. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಬೈಯಲಿಲ್ಲ. "ಕಲ್ಲು ಬಿತ್ತು ಉಗ್ರಪ್ಪ. ಹಿಂದಕ್ಕೆ ತಗಾ" ಅಂದರು, ಅಷ್ಟೇ. ಸಂಜೆಯೊಳಗೆ ಬದುವಿನ ಬಾಯಿಗೆ ಜಾಲಿ ಮುಳ್ಳು ಬಿತ್ತು.

ಹಿಂದಲ ತೋಟದಲ್ಲಿ ಕಾಯಿ ಉದುರಿ ಬುಡದಲ್ಲೇ ಮೊಳಕೆ ಒಡೆಯತೊಡಗಿದವು. ಹೊರಗೆ ತರಲು ದಾರಿಯಿಲ್ಲ. ಪಕ್ಕದ ತೋಟ ರಂಗರಾಜುವಿನದು, ಅದರಾಚೆ ಡಾಂಬರು ರಸ್ತೆ. ಅವನ ತೋಟದ ಮೇಲೆ ಸಾಗಿಸಲೇ ಎಂದು ಕೇಳಿದೆ.

"ಹೊಸಾ ಸಸಿ ಇಟ್ಟಿದ್ದೀನಲ್ಲಾ" ಎಂದು ತಲೆ ಕೆರೆದುಕೊಂಡ. "ದಾರಿ ಇಲ್ದಿರೋ ತೋಟ ಇಟ್ಕಂಡು ಏನ್ ಮಾಡ್ತೀಯ? ನಂಗೇ ಕೊಟ್ಬುಡು. ಬೇರೆಯೋರಾದ್ರೆ ಮುಟ್ಟೂ ನೋಡಲ್ಲ."

ನನ್ನ ಕಷ್ಟಕ್ಕೆ ಆಗುವವನು ಇವನೊಬ್ಬನೇ ಅಂದುಕೊಂಡೆ, ನನ್ನ ಬುದ್ಧಿಗೆ ಬೆಂಕಿ ಹಾಕ.

ಹಳೇ ಚಕ್ರ ಹಾಕಿಸಿಕೊಂಡು ಹೋಗಿ ಅಜ್ಜಿಯ ಕಾಲು ಹಿಡಿಯೋಣವೆಂದು ತಿಪಟೂರಿಗೆ ಹೋದೆ.

"ಹಳೇವಾ? ಅವತ್ತು ಸಾಯಂಕಾಲಾನೇ ನಿಮ್ ಸ್ನೇಹಿತ್ರು ಆಟೋದಲ್ಲಿ ಹಾಕ್ಕಂಡೋದ್ರಲ್ಲ ಸಾರ್" ಎಂದ ಭುವನ್. ಮೊಳೆಗೆ ನೇತುಹಾಕಿದ್ದ ನಾರಿನ ಹಗ್ಗ ತೆಗೆದು ಕೈಗಿಟ್ಟ. "ಇದನ್ನೂ ಬಿಟ್ಟೋಗವ್ರೆ, ಕೊಟ್ಬುಡಿ."

"ಏನಪ್ಪಾ ಇದು?"

"ನಿಮ್ಮನ್ನ ಕರ್ಕಂಬರೋಕೆ ಮುಂಚೆ ಒಬ್ರೇ ಬಂದಿದ್ರಲ್ಲ. ಈ ಎರಡು ಗಂಟಿನ ಅಳತೆ ತಂದಿದ್ರು. ಚಕ್ರ ಹಾಕಿದ್ರೆ ಆ ಕಡೆಯಿಂದ ಈ ಕಡೆಗೆ ಗಂಟು ದಾಟ್ಬೇಕು, ಅಂಥ ಡಿಸ್ಕೇ ಕೊಡು ಅಂದ್ರು. ನೀವೇ ಕಳಿಸಿದ್ರಿ ಅಂದ್ಕಂಡೆ."

ಊರಿಗೆ ಬಂದವನು ನೇರ ಬದುವಿಗೆ ಹೋದೆ. ಒಂದು ಗಂಟನ್ನು ನಿಂತ ಕಲ್ಲಿಗೆ ಒತ್ತಿ, ಬಿದ್ದ ಕಲ್ಲಿನ ಗುಂಡಿಯ ಅಂಚಿಗೆ ಹಗ್ಗ ಎಳೆದೆ. ಇನ್ನೊಂದು ಗಂಟು ಸರಿಯಾಗಿ ಅಂಚಿನ ಮೇಲೆ ಕೂತಿತು. ಮುಳ್ಳಿನ ಮೇಲೆ ನಿಂತಿದ್ದೇನೆ ಎಂಬುದೂ ತಿಳಿಯಲಿಲ್ಲ.

ರಂಗರಾಜು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. ಹಗ್ಗವನ್ನು ಅವನ ಮಡಿಲಿಗೆ ಎಸೆದೆ. ಗಂಟು ಮುಟ್ಟಿ ನೋಡಿದ.

"ಬರ್ಲಿ ಅಂದೆಯಲ್ಲೋ ಬೇವರ್ಸಿ! ಕಲ್ಲು ನೋಡ್ಕಂಡೇ ಬರ್ಲಿ ಅಂದೆಯಲ್ಲೋ!"

"ಹೋದ ವರ್ಷ ಎರಡು ಸಲ ತೋಟ ಕೇಳ್ದೆ, ಕೊಡ್ಲಿಲ್ಲ ನೀನು" ಎಂದ. ಅಷ್ಟೇ ಸಲೀಸಾಗಿ. ಇಲ್ಲ ಅಂತಾದರೂ ಸುಳ್ಳು ಹೇಳಬಾರದಿತ್ತೇ?

ಕೈ ಎತ್ತಿದ್ದೆ. ಅಷ್ಟರಲ್ಲಿ ಅವನ ಹೆಂಡತಿ ಧನಲಕ್ಷ್ಮಿ ಬಾಗಿಲಿಗೆ ಬಂದಳು. "ಅಣ್ಣ, ನಿಮ್ ಚಕ್ರ ಅಟ್ಟದ ಮೇಲೆ ಕೊಬ್ರಿ ಕಾಯಿ ಕೆಳಗೆ ಅವೆ. ತಗಂಡೋಗಿ."

"ಸುಮ್ಕಿರೇ" ಎಂದ ಅವನು.

"ನೀನು ಅವತ್ತು ಜೀಪಲ್ಲಿ ಸುಮ್ಕಿದ್ದಿದ್ರೆ ಸಾಕಾಗಿತ್ತು" ಎಂದು ಏಣಿ ತಂದಿಟ್ಟಳು.

ಹಳೇ ಚಕ್ರ ಹಾಕಿಕೊಂಡು, ಹಗ್ಗ ಹಿಡಿದು ಅಜ್ಜಿಯ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ. ಅಜ್ಜಿ ಹಗ್ಗವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಬೀಳ್ಸಿದ್ದು ನಿನ್ ಗಾಡೀನೇ ಕಣಪ್ಪ. ಕಣ್ಣಿಲ್ದೋನ್ ಹಂಗೆ ನುಗ್ದೆ."

"ಕಣ್ಣು ಅವನ ಕೈಲಿ ಕೊಟ್ಟಿದ್ದೆ ಅಜ್ಜಿ."

"ಹಂಗಾದ್ರೆ ವಾಪಸ್ ಇಸ್ಕಾ. ಅದೇ ಹಗ್ಗದಲ್ಲಿ ಅಳೆದು ಕಲ್ಲು ನೀನೇ ನೆಡು. ಸಸಿ ತಂದಿಡು. ಅವನು ಮಾತ್ರ ನನ್ ಬದು ಹತ್ಬಾರ್ದು."

ಕಲ್ಲು ನೆಟ್ಟೆ, ಮುಳ್ಳು ಎಳೆದು ಹಾಕಿದೆ. ಗೋಡಿನ ಮೇಲೆ ತೆಂಗಿನ ಗರಿ ಹಾಸಿದರೆ ಹಳೇ ಚಕ್ರವೇ ಸಾಕಾಗಿತ್ತು. ಅದನ್ನು ಹೇಳುವ ಸ್ನೇಹಿತ ನನಗಿರಲಿಲ್ಲ.

ಕಲ್ಲುಗಳ ಹತ್ತಿರ ಜೀಪು ನಿಧಾನ ಮಾಡಿ ಬಲಗಡೆ ನೋಡಿದೆ, ಸರಿಯಿತ್ತು.

"ಎಡಗಡೆ ಹೆಂಗೈತ್ಲಾ?" ಅಂದುಬಿಟ್ಟೆ.

ಸೀಟು ಖಾಲಿ. ಬ್ರೇಕ್ ಒತ್ತಿ, ನನ್ನನ್ನೂ ಅವನನ್ನೂ ಸೇರಿಸಿ ಬೈದು, ಕೆಳಗಿಳಿದು ಮುಂದಿನಿಂದ ಸುತ್ತಿ ಹೋಗಿ ನೋಡಿದೆ. ನಾಲ್ಕು ಬೆರಳು ಇತ್ತು. ವಾಪಸು ಬಂದು ಹತ್ತಿದೆ.

ಈಗ ಪ್ರತಿ ಸಲವೂ ಇಳಿದು ನೋಡುತ್ತೇನೆ.